ಮಗುಗೆ ಆಟಿಸಂ ಇರಬಹುದಾ ಅಂತ ಡೌಟ್ ಬಂದ್ರೆ ಎಲ್ಲಿಂದ ಶುರು ಮಾಡ್ಬೇಕು

"ನಮ್ಮ ಮಗುಗೆ ಒಂದೂವರೆ ವರ್ಷ, ಹೆಸರು ಕರೆದ್ರೆ ತಿರುಗಲ್ಲ, ಇದು ಆಟಿಸಮ್ಮಾ?" ಈ ಪ್ರಶ್ನೆ ನನಗೆ ವಾರಕ್ಕೆ ಎರಡು ಮೂರು ಸಲ ಆದ್ರೂ ಬರುತ್ತೆ. ಕೇಳೋ ರೀತಿ ಬೇರೆ ಬೇರೆ ಇರುತ್ತೆ, ಒಬ್ರು ಮಾತು ಬಂದಿಲ್ಲ ಅಂತಾರೆ, ಇನ್ನೊಬ್ರು ಬಂದಿದ್ದ ಮಾತು ಹೋಯ್ತು ಅಂತಾರೆ, ಆದ್ರೆ ಒಳಗಿರೋ ಭಯ ಒಂದೇ. (ಆಟಿಸಂ ಅಂದ್ರೆ ಮಗು ಬೇರೆಯವರ ಜೊತೆ ಬೆರೆಯೋದು, ಸಂವಹನ, ನಡವಳಿಕೆ ಬೇರೆ ತರ ಇರೋ, ಬೆಳವಣಿಗೆಗೆ ಸಂಬಂಧಿಸಿದ ಒಂದು ಸ್ಥಿತಿ.) ಎಲ್ಲರಿಗೂ ಒಂದೊಂದು ಸಾಲು ಉತ್ತರ ಕೊಟ್ಟು ಸಾಕಾಗಲ್ಲ ಅಂತ ಅನ್ನಿಸಿ ಇದನ್ನ ಪೂರ್ತಿಯಾಗಿ ಬರೀತಿದೀನಿ. ನಾನು ಡಾಕ್ಟರ್ ಅಲ್ಲ. ಆಟಿಸಂ ಇರೋ ಮಗನ ಅಮ್ಮ, ಈ ವಿಷಯದ ರಿಸರ್ಚ್ ವರ್ಷಗಳಿಂದ ಓದ್ಕೊಂಡು ಬಂದಿರೋಳು.

ಇದನ್ನ ಓದಿ ಮುಗಿಸಿದ ಮೇಲೆ ನಿಮ್ಮ ಮಗುಗೆ ಆಟಿಸಂ ಇದೆಯೋ ಇಲ್ವೋ ಅಂತ ಗೊತ್ತಾಗಲ್ಲ, ಅದನ್ನ ಹೇಳ್ಬೇಕಾದೋರು ಮಗುನ ಕೂರಿಸ್ಕೊಂಡು ನೋಡಿದ ತಜ್ಞರು. ನಾಳೆ ಬೆಳಿಗ್ಗೆ ಎದ್ದು ಏನು ಮಾಡ್ಬೇಕು ಅನ್ನೋದು ಮಾತ್ರ ಗೊತ್ತಾಗುತ್ತೆ. 9 ತಿಂಗಳಿಂದ 3 ವರ್ಷದ ಒಳಗಿನ ಮಕ್ಕಳನ್ನ ಮನಸ್ಸಲ್ಲಿಟ್ಕೊಂಡು ಬರೆದಿದೀನಿ.

ಬೇಕಾಗಿರೋದು ಇಷ್ಟೇ: ಒಂದು ನೋಟ್‌ಬುಕ್, ವಿಡಿಯೋ ತೆಗೆಯೋ ಫೋನು, ಮಗು ಹುಟ್ಟಿದಾಗಿಂದ ಇರೋ ಆಸ್ಪತ್ರೆ ಕಾಗದಗಳು, ಆಮೇಲೆ ಎರಡು ವಾರ. ಎರಡು ವಾರ ಅಂದ್ರೆ ಎರಡೇ ವಾರ, "ನೋಡೋಣ ನೋಡೋಣ" ಅಂತ ಆರು ತಿಂಗಳಲ್ಲ.

1. ಏನು ಇದೆ ಅಂತ ಅಲ್ಲ, ಏನು ಬಂದಿಲ್ಲ ಅಂತ ನೋಡಿ

ಆಟಿಸಂ ಅಂದ ತಕ್ಷಣ ಎಲ್ಲರ ಕಣ್ಮುಂದೆ ಬರೋದು ಕೈ ಪಟಪಟ ಅಂತ ಆಡಿಸೋದು, ಗಿರಗಿರ ತಿರುಗೋದು, ಆಟದ ಸಾಮಾನು ಸಾಲಾಗಿ ಜೋಡಿಸೋದು, ತಿರುಗೋ ಚಕ್ರನ ನೋಡ್ತಾ ಕೂತ್ಬಿಡೋದು. ಇವು ಕಣ್ಣಿಗೆ ಬೇಗ ಬೀಳ್ತವೆ, ಅದಕ್ಕೇ ಎಲ್ರೂ ಇವನ್ನೇ ಹುಡುಕ್ತಾರೆ, ಇವು ಕಾಣಿಸ್ಲಿಲ್ಲ ಅಂದ್ರೆ ಸದ್ಯ ಬಚಾವಾದ್ವಿ ಅಂತ ಉಸಿರು ಬಿಡ್ತಾರೆ. ಆದ್ರೆ ಒಂದರಿಂದ ಎರಡು ವರ್ಷದ ಒಳಗೆ ಹೆಚ್ಚು ಸುಳಿವು ಕೊಡೋದು ಆ ವಯಸ್ಸಿಗೆ ಬರಬೇಕಾಗಿದ್ದು ಬರದೇ ಇರೋದು. ಮಗು ಹೊಸದಾಗಿ ಏನಾದ್ರೂ ಮಾಡಿದ್ರೆ ನಮಗೆ ಗೊತ್ತಾಗುತ್ತೆ, ಮಾಡದೇ ಇದ್ದಿದ್ದು ಹೆಂಗೆ ಗೊತ್ತಾಗ್ಬೇಕು ಹೇಳಿ, ಅದೂ ಮೊದಲನೇ ಮಗು ಆದ್ರೆ.

ಎಲ್ಲಕ್ಕಿಂತ ಮುಖ್ಯವಾದ ಪದ ಜಾಯಿಂಟ್ ಅಟೆನ್ಷನ್. ಅಂದ್ರೆ ಒಂದೇ ವಸ್ತು ಮೇಲೆ ಮಗುವಿನ ಗಮನ, ನಿಮ್ಮ ಗಮನ ಎರಡೂ ಸೇರೋದು, ಸೇರಿದೆ ಅಂತ ಮಗುಗೂ ಗೊತ್ತಿರೋದು. ಆಕಾಶದಲ್ಲಿ ವಿಮಾನ ಹೋಗುತ್ತೆ ಅಂದ್ಕೊಳ್ಳಿ. ಮಗು ತಲೆ ಎತ್ತುತ್ತೆ, ಬೆರಳು ಮಾಡುತ್ತೆ, ತಕ್ಷಣ ತಿರುಗಿ ನಿಮ್ಮ ಮುಖ ನೋಡುತ್ತೆ, ಮತ್ತೆ ವಿಮಾನದ ಕಡೆ ತಿರುಗುತ್ತೆ. ಆ ಮಧ್ಯದಲ್ಲಿ ನಿಮ್ಮ ಮುಖಕ್ಕೆ ಬಂದು ಹೋದ ನೋಟ ಇದ್ಯಲ್ಲ, ಒಂದು ಸೆಕೆಂಡ್ ಕೂಡ ಇರಲ್ಲ ಅದು, ಅದರಲ್ಲೇ ಎಲ್ಲ ಇರೋದು. ಮಗುಗೆ ವಿಮಾನ ಬೇಕಾಗಿಲ್ಲ, ನೀವೂ ನೋಡಿದ್ರಾ ಅನ್ನೋದು ಬೇಕು.

ಇದಕ್ಕೆ ಹೋಲಿಸಿ ಇನ್ನೊಂದು ದೃಶ್ಯ ನೋಡಿ. ಮಗುಗೆ ಮೇಲಿನ ಶೆಲ್ಫಲ್ಲಿರೋ ಆಟಿಕೆ ಬೇಕು. ಬಂದು ನಿಮ್ಮ ಮಣಿಕಟ್ಟು ಹಿಡಿದು ಎಳ್ಕೊಂಡು ಹೋಗುತ್ತೆ, ನಿಮ್ಮ ಕೈನ ಆಟಿಕೆ ಕಡೆ ಎತ್ತಿ ಎಸೆದ ಹಾಗೆ ಮಾಡುತ್ತೆ, ಸಿಕ್ಕಿದ ತಕ್ಷಣ ತಗೊಂಡು ಹೋಗ್ಬಿಡುತ್ತೆ, ಒಂದು ಸಲನೂ ಮುಖ ನೋಡಿರಲ್ಲ. ಎಷ್ಟೋ ಜನ ಇದನ್ನ "ನಮ್ಮ ಮಗು ಬುದ್ಧಿವಂತ, ಬೇಕಾಗಿದ್ದನ್ನ ಹೆಂಗಾದ್ರೂ ತಿಳಿಸುತ್ತೆ" ಅಂತ ಹೇಳ್ತಾರೆ. ಬುದ್ಧಿವಂತಿಕೆ ಇರೋದು ನಿಜಾನೇ, ಆದ್ರೆ ಅಲ್ಲಿ ನಿಮ್ಮ ಕೈ ಒಂದು ಉಪಕರಣ ಆಗಿದೆ. ಅಪರೂಪಕ್ಕೆ ಎಲ್ಲ ಮಕ್ಕಳೂ ಹೀಗೆ ಮಾಡ್ತವೆ. ಇದೊಂದೇ ದಾರಿ ಆಗಿದ್ರೆ ಮಾತ್ರ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ.

ವಯಸ್ಸಿನ ಲೆಕ್ಕದಲ್ಲಿ ಹೇಳೋದಾದ್ರೆ, 9 ತಿಂಗಳ ಹೊತ್ತಿಗೆ ಹೆಸರು ಕರೆದ್ರೆ ಸಾಮಾನ್ಯವಾಗಿ ತಿರುಗ್ಬೇಕು, ಮುಖದಲ್ಲಿ ಖುಷಿ, ಕೋಪ, ಆಶ್ಚರ್ಯ ಕಾಣಿಸ್ಬೇಕು. ವರ್ಷ ತುಂಬೋ ಹೊತ್ತಿಗೆ ಟಾಟಾ ಮಾಡೋದು, ಎತ್ಕೋ ಅಂತ ಕೈ ಚಾಚೋದು, ಮುಖ ಮುಚ್ಚಿ ತೆಗೆಯೋ ಆಟಕ್ಕೆ ತಾನೂ ಸೇರೋದು. 15 ತಿಂಗಳಿಗೆ ತನಗೆ ಇಷ್ಟ ಆಗಿದ್ದನ್ನ ತಂದು ತೋರಿಸ್ಬೇಕು, ಕೊಡೋಕೆ ಅಲ್ಲ, ಬರೀ ತೋರಿಸೋಕೆ. 18 ತಿಂಗಳಿಗೆ ಬೆರಳು ಮಾಡಿ ತೋರಿಸೋದು ಬಂದಿರ್ಬೇಕು. ಮಾತಿನ ವಿಷಯಕ್ಕೆ ಬಂದ್ರೆ 16 ತಿಂಗಳಾದ್ರೂ ಒಂದೂ ಪದ ಇಲ್ಲ, ಅಥವಾ 2 ವರ್ಷ ಆದ್ರೂ ಎರಡು ಪದ ಸೇರಿಸಿ ಸ್ವಂತವಾಗಿ ಹೇಳಲ್ಲ ಅಂದ್ರೆ ಕಾರಣ ಆಟಿಸಂ ಆಗಿರ್ಲಿ ಬೇರೆ ಏನೇ ಆಗಿರ್ಲಿ, ತೋರಿಸ್ಲೇಬೇಕು. "ಸ್ವಂತವಾಗಿ" ಅಂತ ಯಾಕೆ ಹೇಳಿದೆ ಅಂದ್ರೆ ವಿಡಿಯೋದಲ್ಲಿ ಕೇಳಿದ ಹಾಡು, ಅಂಕಿ, ಅಕ್ಷರ ಎಲ್ಲ ಪಟಪಟ ಹೇಳೋ ಮಗು ಬಾಯಾರಿಕೆ ಆದ್ರೆ ನೀರು ಅಂತ ಕೇಳ್ದೇ ಇರಬಹುದು. ಕೇಳಿದ್ದನ್ನ ಹಾಗೇ ತಿರುಗಿ ಹೇಳೋದಕ್ಕೆ ಎಕೋಲೇಲಿಯಾ ಅಂತಾರೆ. ಅದು ಕೆಟ್ಟದ್ದಲ್ಲ, ಎಷ್ಟೋ ಮಕ್ಕಳಿಗೆ ಅದೇ ಮಾತಿಗೆ ಹೋಗೋ ದಾರಿ, ಆದ್ರೆ ಪದಗಳ ಲೆಕ್ಕ ಹಾಕುವಾಗ ಅದನ್ನ ಬೇರೆಯಾಗಿ ಬರೀಬೇಕು.

ಇನ್ನೊಂದು ಪದ ರಿಗ್ರೆಷನ್, ಅಂದ್ರೆ ಬಂದಿದ್ದು ಹೋಗೋದು. ಅಮ್ಮ ಅಪ್ಪ ಅಂತಿದ್ದ ಮಗು ನಿಲ್ಲಿಸೋದು, ಟಾಟಾ ಮಾಡ್ತಿದ್ದಿದ್ದು ಬಿಡೋದು. ಇದು ಹೆಚ್ಚಾಗಿ 15 ರಿಂದ 24 ತಿಂಗಳ ಮಧ್ಯೆ ಆಗುತ್ತೆ. ಇದಾದ್ರೆ ಎರಡು ವಾರ ಕೂಡ ಕಾಯ್ಬೇಡಿ. ಮಾತಿನ ಜೊತೆಗೆ ಕೈ ಬಳಸೋದು, ನಡೆಯೋದು ಹೋಗ್ತಿದ್ರೆ ಅಥವಾ ಫಿಟ್ಸ್ ತರ ಏನಾದ್ರೂ ಕಂಡ್ರೆ ಅದೇ ದಿನ ಡಾಕ್ಟರ್ ಹತ್ರ ಹೋಗಿ, ಬೇರೆ ನರಸಂಬಂಧಿ ಕಾಯಿಲೆಗಳೂ ಹೀಗೆ ಶುರು ಆಗ್ತವೆ.

ಈ ಬದಲಾವಣೆ ಎಷ್ಟು ಮೆತ್ತಗೆ ಆಗುತ್ತೆ ಅಂತ ಒಂದು ರಿಸರ್ಚ್ ಚೆನ್ನಾಗಿ ತೋರಿಸಿದೆ. ಆಟಿಸಂ ಸಂಶೋಧಕಿ ಸ್ಯಾಲಿ ಓಝೊನಾಫ್ ಅವರ ತಂಡ 2010 ರಲ್ಲಿ ಪ್ರಕಟಿಸಿದ್ದು. ಮಕ್ಕಳನ್ನ 6 ತಿಂಗಳಿಂದ 3 ವರ್ಷದ ತನಕ ಮತ್ತೆ ಮತ್ತೆ ಕರೆಸಿ ನೋಡಿದ್ರು. ಮುಂದೆ ಆಟಿಸಂ ಅಂತ ಗೊತ್ತಾದ ಮಕ್ಕಳು 6 ತಿಂಗಳಲ್ಲಿ ಮುಖ ನೋಡೋದ್ರಲ್ಲಿ, ನಗೋದ್ರಲ್ಲಿ, ಸದ್ದು ಮಾಡೋದ್ರಲ್ಲಿ ಬೇರೆ ಮಕ್ಕಳ ತರಾನೇ ಇದ್ರು, ಆಮೇಲೆ ತಿಂಗಳು ತಿಂಗಳಿಗೂ ಇವೆಲ್ಲ ಸ್ವಲ್ಪ ಸ್ವಲ್ಪ ಇಳೀತಾ ಬಂತು. ಹೆಚ್ಚಿನ ಅಪ್ಪ ಅಮ್ಮಂದಿರಿಗೆ ಇಳೀತಿರೋದು ಗೊತ್ತೇ ಆಗಿರ್ಲಿಲ್ಲ. ಅದಕ್ಕೇ "ನಾನು ಹೆತ್ತ ತಾಯಿ, ನನಗೇ ಗೊತ್ತಾಗ್ಲಿಲ್ವಲ್ಲ" ಅಂತ ಅಳೋರಿಗೆ ನಾನು ಇದನ್ನೇ ಹೇಳೋದು, ದಿನಾ ಎತ್ಕೊಂಡು ಓಡಾಡೋರಿಗೆ ಇಷ್ಟು ನಿಧಾನವಾಗಿ ಆಗೋದು ಕಾಣಿಸಲ್ಲ, ಅದು ನಿಮ್ಮ ತಪ್ಪಲ್ಲ.

ಇಲ್ಲಿ ಜನ ಮಾಡೋ ತಪ್ಪು: 2 ತಿಂಗಳ ಕೂಸಿನ ಕಣ್ಣು ನೋಡ್ತಾ ಕೂರೋದು. ವಾರೆನ್ ಜೋನ್ಸ್, ಆಮಿ ಕ್ಲಿನ್ ಅನ್ನೋ ಸಂಶೋಧಕರಿಬ್ರೂ 2013 ರಲ್ಲಿ ಪ್ರಕಟಿಸಿದ ರಿಸರ್ಚ್‌ನಲ್ಲಿ 2 ರಿಂದ 6 ತಿಂಗಳ ಮಧ್ಯೆನೇ ಕಣ್ಣು ನೋಡೋದು ಕಮ್ಮಿ ಆಗ್ತಾ ಬರೋದು ಕಂಡಿತ್ತು ನಿಜ, ಆದ್ರೆ ಅದು ಕಣ್ಣಿನ ಚಲನೆ ಅಳೆಯೋ ಯಂತ್ರಕ್ಕೆ ಕಂಡಿದ್ದು, ನಮ್ಮ ಬರಿಗಣ್ಣಿಗೆ ಕಾಣೋ ಅಂಥದ್ದಲ್ಲ. ಕೂಸಿನ ಜೊತೆ ಖುಷಿಯಾಗಿರಿ.

ಹೆಣ್ಣು ಮಗು ಆಗಿದ್ರೆ ಇನ್ನೂ ಸ್ವಲ್ಪ ಹುಷಾರಾಗಿ ನೋಡಿ. ಡಯಾಗ್ನೋಸಿಸ್, ಅಂದ್ರೆ ಆಟಿಸಂ ಅಂತ ಖಚಿತ, ಆಗೋದ್ರಲ್ಲಿ ಗಂಡು ಮಕ್ಕಳು ಹೆಣ್ಣು ಮಕ್ಕಳಿಗಿಂತ ಮೂರು ಪಟ್ಟಿಗೂ ಹೆಚ್ಚಿದಾರೆ, ಆದ್ರೆ ಅದರಲ್ಲಿ ಒಂದು ಭಾಗ ಹೆಣ್ಣು ಮಕ್ಕಳನ್ನ ಗುರುತಿಸದೇ ಬಿಟ್ಟಿರೋದ್ರಿಂದ. ಪಕ್ಕದ ಮಕ್ಕಳನ್ನ ನೋಡಿ ಹಾಗೇ ಅನುಕರಣೆ ಮಾಡೋ ಹುಡುಗಿಯನ್ನ "ನಾಚಿಕೆ ಸ್ವಭಾವ" ಅಂತ ಹೇಳಿ ಮುಗಿಸ್ಬಿಡ್ತಾರೆ.

2. ಎರಡು ವಾರ ಬರೀರಿ, ವಿಡಿಯೋ ಮಾಡಿ

ಇದನ್ನ ದಯವಿಟ್ಟು ಬಿಡಬೇಡಿ. ಡಾಕ್ಟರ್ ರೂಮಲ್ಲಿ ನಿಮ್ಮ ಮಗು 10 ನಿಮಿಷ ಇರುತ್ತೆ. 2015 ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆಟಿಸಂ ಚೆನ್ನಾಗಿ ಗೊತ್ತಿರೋ ತಜ್ಞರಿಗೇ 10 ನಿಮಿಷದ ವಿಡಿಯೋ ತೋರಿಸಿ ಈ ಮಗುನ ಮುಂದಿನ ಪರೀಕ್ಷೆಗೆ ಕಳಿಸ್ಬೇಕಾ ಅಂತ ಕೇಳಿದ್ರು, ಆಟಿಸಂ ಇದ್ದ ಮಕ್ಕಳಲ್ಲಿ ಶೇಕಡಾ 39 ರಷ್ಟು ಮಕ್ಕಳನ್ನ ಅವರು ಬೇಡ ಅಂತ ಬಿಟ್ಬಿಟ್ರು. ತಜ್ಞರು ದಡ್ಡರು ಅಂತಲ್ಲ, ಆ 10 ನಿಮಿಷದಲ್ಲಿ ಮಕ್ಕಳು ಮಾಡಿದ್ದ ಕೆಲಸಗಳಲ್ಲಿ ಶೇಕಡಾ 89 ರಷ್ಟು ಎಲ್ಲ ಮಕ್ಕಳೂ ಮಾಡೋ ಅಂಥವೇ ಆಗಿದ್ವು. ನಮಗೂ ಹಾಗೇ ಆಯ್ತು, ಮೊದಲು ತೋರಿಸಿದ ಡಾಕ್ಟರ್ ಐದು ನಿಮಿಷ ನೋಡಿ ಗಂಡು ಮಕ್ಕಳು ಲೇಟು, 3 ವರ್ಷ ಆದ್ಮೇಲೆ ಬನ್ನಿ ಅಂದ್ರು, ನನ್ನ ಕೈಲಿ ತೋರಿಸೋಕೆ ಏನೂ ಇರ್ಲಿಲ್ಲ.

ಮನೆ ವಿಡಿಯೋ ಅಂದ್ರೆ ಸಣ್ಣ ವಿಷಯ ಅಂದ್ಕೋಬೇಡಿ. 1994 ರಲ್ಲಿ ಜೂಲಿ ಆಸ್ಟರ್ಲಿಂಗ್, ಜೆರಾಲ್ಡಿನ್ ಡಾಸನ್ ಇಬ್ರೂ ಮಾಡಿದ ಕೆಲಸ ಇದೇ. ಅಪ್ಪ ಅಮ್ಮಂದಿರು ತಮ್ಮ ಮಕ್ಕಳ ಮೊದಲನೇ ಬರ್ತ್‌ಡೇಗೆ ತೆಗೆದಿಟ್ಟಿದ್ದ ವಿಡಿಯೋಗಳನ್ನ ತರಿಸ್ಕೊಂಡು ಕೂತು ನೋಡಿದ್ರು, ಮುಂದೆ ಆಟಿಸಂ ಅಂತ ಗೊತ್ತಾದ 11 ಮಕ್ಕಳದ್ದು, ಹಾಗೇ ಆಟಿಸಂ ಇಲ್ಲದ 11 ಮಕ್ಕಳದ್ದು. ಬೆರಳು ಮಾಡೋದು, ವಸ್ತು ತೋರಿಸೋದು, ಬೇರೆಯವರ ಮುಖ ನೋಡೋದು, ಹೆಸರಿಗೆ ತಿರುಗೋದು, ಈ ನಾಲ್ಕರಲ್ಲೇ ವ್ಯತ್ಯಾಸ ಎದ್ದು ಕಂಡಿತ್ತು. ಅಂದ್ರೆ ಮೊದಲನೇ ಹುಟ್ಟುಹಬ್ಬದ ಹೊತ್ತಿಗೇ ಸುಳಿವು ಇತ್ತು, ಅದೂ ಯಾರೂ ಟೆಸ್ಟ್ ಅಂತ ಅಂದ್ಕೊಳ್ದೇ ತೆಗೆದ ವಿಡಿಯೋದಲ್ಲಿ.

ನೀವು ಹೆಂಗೆ ತೆಗೀಬೇಕು ಅಂದ್ರೆ, ಒಂದೊಂದು ಎರಡು ನಿಮಿಷದ್ದು, ಒಟ್ಟು ಐದಾರು ಸಾಕು. ಮಗು ಒಂದೇ ಆಡ್ಕೊಂಡಿರೋದು ಒಂದು. ನಿಮ್ಮ ಜೊತೆ ಆಡ್ತಿರೋದು ಒಂದು. ಬೇರೆ ಮಕ್ಕಳ ಮಧ್ಯೆ ಇರೋದು ಒಂದು. ಏನೋ ಬೇಕು ಅಂತ ಕೇಳ್ತಿರೋದು ಒಂದು. ಹೆಸರು ಕರೆದಾಗ ಏನ್ ಮಾಡುತ್ತೆ ಅನ್ನೋದು ಒಂದು, ಇದಕ್ಕೆ ಮಗುವಿನ ಹಿಂದೆ ಸ್ವಲ್ಪ ದೂರದಲ್ಲಿ ನಿಂತು ಮಾಮೂಲಿ ದನಿಯಲ್ಲಿ ಹೆಸರು ಮಾತ್ರ ಕರೀರಿ, ಐದು ಸೆಕೆಂಡ್ ಬಿಟ್ಟು ಇನ್ನೊಂದು ಸಲ. ಮೂರನೇ ಸಲಕ್ಕೆ ನಿಲ್ಲಿಸಿ. ಚಪ್ಪಾಳೆ ತಟ್ಟೋದು, ಹಾಡು ಹಾಕೋದು, "ಇಲ್ನೋಡು ಏನಿದೆ" ಅನ್ನೋದು ಬೇಡ, ಹೆಸರಿಗೆ ತಿರುಗುತ್ತೋ ಇಲ್ವೋ ಅನ್ನೋದಷ್ಟೇ ಬೇಕಾಗಿರೋದು. ನಿಮಗೆ ವಿಚಿತ್ರ ಅನ್ನಿಸೋ ನಡವಳಿಕೆ ಯಾವುದಾದ್ರೂ ಇದ್ರೆ ಅದೂ ಒಂದು. ಮುಖ, ಕೈ ಎರಡೂ ಕಾಣಿಸ್ಬೇಕು.

ನೋಟ್‌ಬುಕ್ಕಲ್ಲಿ "ಇವತ್ತು ಸರಿಯಾಗಿ ಸ್ಪಂದಿಸ್ಲಿಲ್ಲ" ಅಂತ ಬರೆದ್ರೆ ಯಾರಿಗೂ ಉಪಯೋಗ ಇಲ್ಲ. "ಬೆಳಿಗ್ಗೆ ಹಿಂದಿಂದ 4 ಸಲ ಕರೆದೆ, 1 ಸಲ ತಿರುಗಿತು, ಪಕ್ಕದ ರೂಮಲ್ಲಿ ಹಾಡು ಹಾಕಿದ ತಕ್ಷಣ ಓಡಿ ಹೋಯ್ತು" ಅಂತ ಬರೀರಿ. ಚೆನ್ನಾಗಿ ಮಾಡಿದ್ದನ್ನೂ ಬರೀಲೇಬೇಕು. ಹಳೇ ವಿಡಿಯೋಗಳಿದ್ರೆ, 10 ತಿಂಗಳದ್ದು, ವರ್ಷದ್ದು, ತೇದಿ ಸಮೇತ ಒಂದು ಕಡೆ ತೆಗೆದಿಡಿ, ಬಂದಿದ್ದು ಹೋಗಿದ್ಯಾ ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ.

ಒಂದು ಎಚ್ಚರಿಕೆ. ಆ ವಿಡಿಯೋನ ಗ್ರೂಪುಗಳಿಗೆ ಹಾಕಿ "ಇದು ಆಟಿಸಮ್ಮಾ ಹೇಳಿ" ಅಂತ ಕೇಳ್ಬೇಡಿ. ಅರ್ಧ ಜನ ಹೌದು ಅಂತಾರೆ, ಅರ್ಧ ಜನ ಏನೂ ಇಲ್ಲ ಅಂತಾರೆ, ವಿಡಿಯೋ ಮಾತ್ರ ನಿಮ್ಮ ಮಗು ದೊಡ್ಡದಾದ ಮೇಲೂ ಎಲ್ಲೋ ಉಳ್ಕೊಂಡಿರುತ್ತೆ.

3. ಕಿವಿ ಟೆಸ್ಟ್ ಮಾಡಿಸಿ

ಹೆಸರಿಗೆ ತಿರುಗದ ಪ್ರತಿ ಮಗುಗೂ, ಮಾತು ಬರದ ಪ್ರತಿ ಮಗುಗೂ ಇದು ಆಗಲೇಬೇಕು. "ಹಾಡು ಹಾಕಿದ್ರೆ ಓಡಿ ಬರುತ್ತಲ್ಲ, ಕಿವಿ ಕೇಳುತ್ತೆ" ಅಂತ ಬಿಡೋ ಹಾಗಿಲ್ಲ, ಕೆಲವು ಮಕ್ಕಳಿಗೆ ದಪ್ಪ ಸದ್ದು ಕೇಳುತ್ತೆ, ಮಾತಿನ ಸಣ್ಣ ಸದ್ದುಗಳು ಕೇಳಲ್ಲ, ಕಿವಿಯೊಳಗೆ ನೀರು ತುಂಬ್ಕೊಂಡು ತಿಂಗಳುಗಟ್ಟಲೆ ಮಂದವಾಗಿ ಕೇಳೋದೂ ಇರುತ್ತೆ. ಹುಟ್ಟಿದಾಗ ಮಾಡಿದ ಟೆಸ್ಟ್ ಪಾಸಾಗಿದ್ರೂ ಇನ್ನೊಂದು ಸಲ ಮಾಡಿಸಿ. ಮಗು ನಿದ್ದೆ ಮಾಡ್ತಿರುವಾಗ ತಲೆಗೆ ಸಣ್ಣ ವೈರು ಅಂಟಿಸಿ ಸದ್ದಿಗೆ ನರ ಸ್ಪಂದಿಸುತ್ತಾ ಅಂತ ನೋಡೋ ಬೆರಾ ಟೆಸ್ಟಿಗೆ ಮಗು ಉತ್ತರ ಕೊಡ್ಬೇಕಾಗಿಲ್ಲ, ನೋವೂ ಆಗಲ್ಲ. ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943 ರಲ್ಲಿ ಮೊದಲ ಬಾರಿ ಆಟಿಸಂ ಇರೋ 11 ಮಕ್ಕಳ ಬಗ್ಗೆ ಬರೆದಾಗಲೇ ಅದರಲ್ಲಿ ಹಲವು ಮಕ್ಕಳಿಗೆ ಕಿವಿ ಕೇಳಲ್ಲ ಅಂತ ಮನೆಯವರು ಅಂದ್ಕೊಂಡಿದ್ರು. ಎರಡೂ ಒಂದೇ ತರ ಕಾಣಿಸುತ್ತೆ, ಅದಕ್ಕೇ ಈ ಟೆಸ್ಟ್. ಕಿವಿ ಸರಿ ಇದೆ ಅಂತ ಬಂದ್ರೆ ಆ ರಿಪೋರ್ಟ್ ತಗೊಂಡು ಮುಂದಕ್ಕೆ ಹೋಗಿ, "ಸರಿ ಇದ್ಯಲ್ಲ" ಅಂತ ಅಲ್ಲಿಗೇ ನಿಲ್ಲಿಸ್ಬೇಡಿ.

4. ಸ್ಕ್ರೀನಿಂಗ್ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಕೊಡಿ

ಸ್ಕ್ರೀನಿಂಗ್ ಅಂದ್ರೆ ಜರಡಿ ಹಿಡಿಯೋದು, ಯಾವ ಮಗುನ ಇನ್ನೂ ಹತ್ತಿರದಿಂದ ನೋಡ್ಬೇಕು ಅಂತ ಬೇರೆ ಮಾಡೋದು. ಡಯಾಗ್ನೋಸಿಸ್ ಅಂದ್ರೆ ತಜ್ಞರು ನೋಡಿ ಖಚಿತ ಮಾಡೋದು. ಈ ಎರಡನ್ನ ಕಲಸ್ಕೋಬೇಡಿ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರೋದು ಎಂ-ಚಾಟ್-ಆರ್ ಅನ್ನೋ 20 ಪ್ರಶ್ನೆಗಳ ಪಟ್ಟಿ, 16 ರಿಂದ 30 ತಿಂಗಳ ಮಕ್ಕಳಿಗೆ, ಅಪ್ಪ ಅಮ್ಮ ಹೌದು ಇಲ್ಲ ಅಂತ ಟಿಕ್ ಹಾಕೋದು. ಇದು ಉಚಿತ, ಹಲವು ಭಾಷೆಗಳಲ್ಲಿ ಸಿಗುತ್ತೆ. ಅಮೆರಿಕದ ಮಕ್ಕಳ ತಜ್ಞರ ಸಂಘ 18 ಮತ್ತು 24 ತಿಂಗಳಲ್ಲಿ ಎಲ್ಲ ಮಕ್ಕಳಿಗೂ ಆಟಿಸಂ ಸ್ಕ್ರೀನಿಂಗ್ ಮಾಡಿ ಅಂತ ಹೇಳುತ್ತೆ, ಡೌಟ್ ಇರೋ ಮಕ್ಕಳಿಗೆ ಮಾತ್ರ ಅಲ್ಲ.

ಹೆಚ್ಚಿನ ಪ್ರಶ್ನೆಗಳಲ್ಲಿ "ಇಲ್ಲ" ಅನ್ನೋ ಉತ್ತರಕ್ಕೆ ಒಂದು ಅಂಕ. 2, 5, 12 ನೇ ಪ್ರಶ್ನೆಗಳಲ್ಲಿ ಮಾತ್ರ ಉಲ್ಟಾ, ಅಲ್ಲಿ "ಹೌದು" ಅಂದ್ರೆ ಅಂಕ. ಇದು ಗೊತ್ತಿಲ್ಲದೇ ಎಷ್ಟೋ ಜನ ತಪ್ಪು ಲೆಕ್ಕ ಹಾಕಿ ಒಂದೋ ಗಾಬರಿ ಬೀಳ್ತಾರೆ, ಇಲ್ಲ ನೆಮ್ಮದಿಯಾಗಿ ಮಲಗ್ತಾರೆ. ಒಟ್ಟು 0 ರಿಂದ 2 ಬಂದ್ರೆ ಸಾಧ್ಯತೆ ಕಮ್ಮಿ, ಆದ್ರೆ ಮಗುಗೆ 2 ವರ್ಷ ತುಂಬಿಲ್ಲ ಅಂದ್ರೆ ತುಂಬಿದ ಮೇಲೆ ಮತ್ತೆ ಮಾಡ್ಬೇಕು. 3 ರಿಂದ 7 ಬಂದ್ರೆ ಎರಡನೇ ಸುತ್ತು ಇದೆ, ಅಂಕ ಬಂದ ಪ್ರಶ್ನೆಗಳನ್ನ ಮಾತ್ರ ವಿವರವಾಗಿ ಕೇಳ್ತಾರೆ, ಇದನ್ನ ಡಾಕ್ಟರ್ ಅಥವಾ ನರ್ಸ್ ಮಾಡಿದ್ರೆ ಒಳ್ಳೇದು. 8 ಅಥವಾ ಹೆಚ್ಚು ಬಂದ್ರೆ ನೇರವಾಗಿ ತಜ್ಞರ ಹತ್ರ.

ಎರಡು ಸುತ್ತಲ್ಲೂ ಪಾಸಿಟಿವ್ ಬಂದ್ರೆ ಏನರ್ಥ? 2014 ರಲ್ಲಿ ಪ್ರಕಟವಾದ, 16,071 ಮಕ್ಕಳನ್ನ ನೋಡಿದ ಅಧ್ಯಯನದಲ್ಲಿ ಹಾಗೆ ಬಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು, ಶೇಕಡಾ 47.5, ಮಕ್ಕಳಿಗೆ ಆಟಿಸಂ ಇತ್ತು. ಉಳಿದೋರಲ್ಲಿ ಹೆಚ್ಚಿನ ಮಕ್ಕಳಿಗೆ ಮಾತು ಅಥವಾ ಬೆಳವಣಿಗೆಯ ಬೇರೆ ಯಾವುದೋ ತೊಂದರೆ ಇತ್ತು. ಹಾಗಾಗಿ ಪಾಸಿಟಿವ್ ಅಂದ್ರೆ ಆಟಿಸಂ ಅಂತ ತೀರ್ಮಾನ ಮಾಡ್ಬೇಡಿ, ಸುಳ್ಳು ಅಲಾರಂ ಅಂತಾನೂ ಬಿಡ್ಬೇಡಿ, ಎರಡೂ ತಪ್ಪು.

ಇಲ್ಲಿ ದೊಡ್ಡ ಗುಂಡಿ ಯಾವುದು ಗೊತ್ತಾ, ಒಂದೋ ಎರಡೋ ಸಲ ಮಾಡಿದ್ದಕ್ಕೆ ಹೌದು ಅಂತ ಟಿಕ್ ಹಾಕೋದು. ಪ್ರಶ್ನೆ ಕೇಳ್ತಿರೋದು ಸಾಮಾನ್ಯವಾಗಿ ಮಾಡುತ್ತಾ ಅಂತ. ಹೋದ ತಿಂಗಳು ಒಂದು ಸಲ ಬೆರಳು ಮಾಡಿದ್ರೆ ಅದು "ಇಲ್ಲ". ಪ್ರೀತಿಯಿಂದಲೇ ಹೀಗೆ ಮಾಡ್ತೀವಿ, ಮಗುನ ಫೇಲ್ ಮಾಡ್ತಿದೀವಿ ಅನ್ನಿಸುತ್ತೆ. ಇನ್ನು ಕೆಲವರು ಟೆಸ್ಟಿಗೆ ಮುಂಚೆ ಬೆರಳು ಹಿಡಿದು ಪಾಯಿಂಟ್ ಮಾಡೋದು ಕಲಿಸಿ ಕರ್ಕೊಂಡು ಹೋಗ್ತಾರೆ. ಬೆರಳು ಎತ್ತೋದನ್ನ ಕಲಿಸಬಹುದು, ಆಮೇಲೆ ತಿರುಗಿ ನಿಮ್ಮ ಮುಖ ನೋಡೋದು ಅದ್ರಿಂದ ಬರಲ್ಲ, ಮಗುಗೆ ಸಿಗಬೇಕಾದ ಸಹಾಯ ಮಾತ್ರ ತಡ ಆಗುತ್ತೆ.

5. ಅಪಾಯಿಂಟ್‌ಮೆಂಟ್ ತಗೊಳ್ಳಿ

ಡೆವಲಪ್‌ಮೆಂಟಲ್ ಪೀಡಿಯಾಟ್ರಿಷನ್, ಅಂದ್ರೆ ಮಕ್ಕಳ ಬೆಳವಣಿಗೆಯಲ್ಲಿ ವಿಶೇಷ ತರಬೇತಿ ತಗೊಂಡ ಮಕ್ಕಳ ಡಾಕ್ಟರ್, ಅಥವಾ ಮಕ್ಕಳ ಮನೋವೈದ್ಯರು, ಮಕ್ಕಳ ನರತಜ್ಞರು, ಆಟಿಸಂ ಪರೀಕ್ಷೆ ಕಲಿತಿರೋ ಸೈಕಾಲಜಿಸ್ಟ್. ಇವರಲ್ಲಿ ಯಾರು ಬೇಗ ಸಿಗ್ತಾರೋ ಅವರ ಹತ್ರ ಹೆಸರು ಬರೆಸಿ. ಫೋನ್ ಮಾಡ್ದಾಗ "ಮಾತು ಲೇಟು" ಅಂತಷ್ಟೇ ಹೇಳ್ಬೇಡಿ, ಸ್ಕ್ರೀನಿಂಗ್‌ನಲ್ಲಿ ಇಷ್ಟು ಅಂಕ ಬಂದಿದೆ, ವಯಸ್ಸು ಇಷ್ಟು, ಕಿವಿ ಟೆಸ್ಟ್ ಆಗಿದೆ ಅಂತ ಹೇಳಿ.

ಆಟಿಸಂಗೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಜೆನೆಟಿಕ್ ಟೆಸ್ಟ್ ಬರ್ಕೊಟ್ರೆ ಅದು ಜೊತೆಗೆ ಬೇರೆ ಏನಾದ್ರೂ ಕಾರಣ ಇದ್ಯಾ ಅಂತ ನೋಡೋಕೆ. ಡಯಾಗ್ನೋಸಿಸ್ ಆಗೋದು ಎರಡರ ಮೇಲೆ, ನಿಮ್ಮ ಹತ್ರ ಮಗುವಿನ ಪೂರ್ತಿ ಕತೆ ಕೇಳೋದು, ಆಮೇಲೆ ಮಗು ಜೊತೆ ಆಡ್ತಾ ಗಮನಿಸೋದು. ಅಡಾಸ್ ಅನ್ನೋ ಪರೀಕ್ಷೆ ಇದೆ, 40 ರಿಂದ 60 ನಿಮಿಷ ತಗೊಳ್ಳುತ್ತೆ, ನೋಡೋರಿಗೆ ಸುಮ್ನೆ ಆಟ ಆಡಿಸ್ತಿದಾರೆ ಅನ್ನಿಸುತ್ತೆ. ಗುಳ್ಳೆ ಊದಿ ನಿಲ್ಲಿಸ್ತಾರೆ, ಮಗು ಇನ್ನೊಂದು ಬೇಕು ಅಂತ ಹೆಂಗೆ ಹೇಳುತ್ತೆ, ಗುಳ್ಳೆ ನೋಡುತ್ತಾ, ಊದೋರನ್ನ ನೋಡುತ್ತಾ, ಎರಡನ್ನೂ ಸೇರಿಸಿ ನೋಡುತ್ತಾ, ಅದನ್ನೆಲ್ಲ ಬರ್ಕೊಳ್ತಿರ್ತಾರೆ. ಮಧ್ಯೆ ಬಾಯಿ ಹಾಕಿ "ಹೇಳು ಪುಟ್ಟ, ಮನೇಲಿ ಹೇಳ್ತೀಯಲ್ಲ" ಅನ್ನಬೇಡಿ.

2013 ರಿಂದ ಬಳಕೆಯಲ್ಲಿರೋ ಡಿಎಸ್‌ಎಂ-5 ಅನ್ನೋ, ಅಮೆರಿಕದ ಮನೋವೈದ್ಯರ ಸಂಘದ ಮಾನದಂಡದಲ್ಲಿ ಎರಡು ಭಾಗ ನೋಡ್ತಾರೆ. ಒಂದು, ಬೇರೆಯವರ ಜೊತೆ ಬೆರೆಯೋದು ಮತ್ತು ಸಂವಹನ. ಇನ್ನೊಂದು, ಮಾಡಿದ್ದೇ ಮಾಡೋದು, ಬದಲಾವಣೆ ಸಹಿಸದೇ ಇರೋದು, ಸದ್ದು ಬೆಳಕು ಸ್ಪರ್ಶಕ್ಕೆ ಅತಿಯಾಗಿ ಅಥವಾ ತೀರಾ ಕಮ್ಮಿ ಸ್ಪಂದಿಸೋದು. ರಿಪೋರ್ಟಲ್ಲಿ ಲೆವೆಲ್ 1, 2, 3 ಅಂತ ಇದ್ರೆ ಅದು ಈಗ ಎಷ್ಟು ಸಹಾಯ ಬೇಕು ಅನ್ನೋದು, ಬುದ್ಧಿಯ ಮಟ್ಟ ಅಲ್ಲ, ಹಣೆಬರಹನೂ ಅಲ್ಲ, ಬದಲಾಗುತ್ತೆ.

"ಇಷ್ಟು ಚಿಕ್ಕ ಮಗುಗೆ ಹೇಳೋಕಾಗಲ್ಲ" ಅಂತ ಯಾರಾದ್ರೂ ಅಂದ್ರೆ, ಅನುಭವ ಇರೋ ತಜ್ಞರು 2 ವರ್ಷಕ್ಕೆ ಮಾಡಿದ ಡಯಾಗ್ನೋಸಿಸ್ ಹೆಚ್ಚಿನ ಮಕ್ಕಳಲ್ಲಿ ಹಾಗೇ ಉಳಿಯುತ್ತೆ ಅಂತ ರಿಸರ್ಚ್ ಹೇಳುತ್ತೆ. ಆದ್ರೂ ಅಮೆರಿಕದಲ್ಲಿ 2022 ರ ಅಂಕಿಅಂಶದಲ್ಲಿ ಅರ್ಧದಷ್ಟು ಮಕ್ಕಳಿಗೆ ಡಯಾಗ್ನೋಸಿಸ್ ಆಗೋ ಹೊತ್ತಿಗೆ 47 ತಿಂಗಳು ದಾಟಿತ್ತು, ಅಂದ್ರೆ ಹತ್ತಿರ ಹತ್ತಿರ 4 ವರ್ಷ. ಈ ಎರಡು ವರ್ಷದ ಅಂತರ ಕೆಲವು ಕಡೆ ಕ್ಯೂ ಉದ್ದ ಇರೋದ್ರಿಂದ ಆಗುತ್ತೆ, ಇನ್ನು ಕೆಲವು ಕಡೆ "ಆಮೇಲೆ ನೋಡೋಣ" ಅಂದಿದ್ರಿಂದ ಆಗುತ್ತೆ. ಕ್ಯೂ ನಮ್ಮ ಕೈಲಿಲ್ಲ. ಎರಡನೇದು ನಮ್ಮ ಕೈಲಿದೆ. ಡಾಕ್ಟರ್ ಕಾಯಿರಿ ಅಂದ್ರೆ ಎಷ್ಟು ದಿನ, ಅಷ್ಟರಲ್ಲಿ ಏನು ಬರ್ಬೇಕು, ಬರ್ಲಿಲ್ಲ ಅಂದ್ರೆ ಏನು ಮಾಡೋದು, ಈ ಮೂರನ್ನ ಕೇಳಿ ಬರೆಸ್ಕೊಂಡು ಬನ್ನಿ.

6. ಕಾಯೋ ದಿನಗಳಲ್ಲಿ ಮನೇಲೇ ಶುರು ಮಾಡಿ

ಡಯಾಗ್ನೋಸಿಸ್ ಕಾಗದ ಬರೋ ತನಕ ಏನೂ ಮಾಡೋ ಹಾಗಿಲ್ಲ ಅಂತ ಬಹಳ ಜನ ಅಂದ್ಕೊಂಡಿದಾರೆ. ಇಲ್ಲ. ಇಂಗ್ಲೆಂಡಲ್ಲಿ ಪ್ಯಾಕ್ಟ್ ಅನ್ನೋ ಪ್ರಯೋಗ ನಡೀತು, ಆಟಿಸಂ ಇರೋ 152 ಪುಟ್ಟ ಮಕ್ಕಳು. ಅದರಲ್ಲಿ ಒಂದು ಗುಂಪಿನಲ್ಲಿ ಥೆರಪಿಸ್ಟ್ ಮಗುಗೆ ಕಲಿಸ್ಲಿಲ್ಲ, ಅಪ್ಪ ಅಮ್ಮ ಮಗು ಜೊತೆ ಆಡೋದನ್ನ ವಿಡಿಯೋ ತೆಗೆದು ಅವರ ಜೊತೆನೇ ಕೂತು ನೋಡಿದ್ರು, ಇಲ್ಲಿ ನೋಡಿ ಮಗು ನಿಮ್ಮ ಕಡೆ ತಿರುಗಿತ್ತು, ನೀವು ಗಮನಿಸ್ಲಿಲ್ಲ, ಇಲ್ಲಿ ನೀವು ಸುಮ್ಮನಿದ್ರಿ ಅದಕ್ಕೆ ಅದು ಸದ್ದು ಮಾಡ್ತು, ಅಂತ. 2016 ರಲ್ಲಿ ಬಂದ ಫಾಲೋಅಪ್ ಪ್ರಕಾರ ಸುಮಾರು 6 ವರ್ಷ ಆದ್ಮೇಲೂ ಆ ಗುಂಪಿನ ಮಕ್ಕಳಲ್ಲಿ ಲಕ್ಷಣಗಳ ತೀವ್ರತೆ ಕಮ್ಮಿ ಇತ್ತು. ಆಟಿಸಂ ಹೋಗ್ಲಿಲ್ಲ, ಅದು ಹೋಗೋದೂ ಅಲ್ಲ. ಮಗು ಮತ್ತು ಮನೆಯವರ ಮಧ್ಯೆ ಮಾತುಕತೆ ಹೆಚ್ಚಾಯ್ತು.

ಮನೇಲಿ ಮಾಡೋದು ಹೆಂಗೆ? ನೆಲದ ಮೇಲೆ ಮಗುವಿನ ಎದುರು ಕೂತ್ಕೊಳ್ಳಿ, ನಿಮ್ಮ ಮುಖ ಅದರ ಮುಖದ ಎತ್ತರಕ್ಕೆ ಬರಲಿ. ಅದು ಚಕ್ರ ತಿರುಗಿಸ್ತಿದ್ರೆ ನೀವೂ ಒಂದು ಚಕ್ರ ತಗೊಂಡು ತಿರುಗಿಸಿ. ಕಿತ್ಕೊಂಡು "ಕಾರು ಹಿಂಗೆ ಓಡಿಸ್ಬೇಕು" ಅಂತ ಪಾಠ ಮಾಡ್ಬೇಡಿ. ಮಾತು ಕಮ್ಮಿ ಮಾಡಿ, "ತಿರುಗ್ತು", "ನಿಂತ್ತು", ಒಂದು ಪದ ಸಾಕು.

ಸೋಪಿನ ಗುಳ್ಳೆ ಊದಿ. ಎರಡು ಸಲ ಊದಿ, ಮುಚ್ಚಳ ಹಾಕಿ, ಬಾಟಲಿನ ನಿಮ್ಮ ಗಲ್ಲದ ಹತ್ರ ಹಿಡ್ಕೊಂಡು ಸುಮ್ಮನಾಗಿ. ಮನಸ್ಸಲ್ಲಿ ಹತ್ತರ ತನಕ ಎಣಿಸಿ. ಇದು ಹೇಳೋಕೆ ಸುಲಭ, ಮಾಡೋಕೆ ಬಹಳ ಕಷ್ಟ, ನಾಲ್ಕಕ್ಕೇ ನಮ್ಮ ಬಾಯಿ "ಬೇಕಾ? ಇನ್ನೂ ಬೇಕಾ? ಬೇಕು ಅನ್ನು" ಅಂತ ಶುರು ಮಾಡ್ಬಿಡುತ್ತೆ. ಶುರು ಮಾಡ್ಬೇಡಿ. ಏಳಕ್ಕೋ ಎಂಟಕ್ಕೋ ಮಗು ಬಾಟಲಿ ಮುಟ್ಟಬಹುದು, ಒಂದು ಸದ್ದು ಮಾಡಬಹುದು, ಕಣ್ಣು ಬಾಟಲಿಯಿಂದ ನಿಮ್ಮ ಮುಖಕ್ಕೆ ಒಂದು ಕ್ಷಣ ಹಾರಿ ಬರಬಹುದು. ಅದರಲ್ಲಿ ಯಾವುದೇ ಆಗ್ಲಿ ಅದೇ ಉತ್ತರ, ತಕ್ಷಣ ಊದಿ. ಏನೂ ಬರ್ಲಿಲ್ಲ ಅಂದ್ರೂ ಹತ್ತಕ್ಕೆ ಊದಿ, ಅಳಿಸೋ ತನಕ ಎಳೀಬೇಡಿ.

ಮಾಡಬಾರದ್ದು ಕೆಲವಿದೆ. ಗಲ್ಲ ಹಿಡಿದು ಬಲವಂತವಾಗಿ ಕಣ್ಣು ನೋಡಿಸ್ಬೇಡಿ, ಆಟಿಸಂ ಇರೋ ದೊಡ್ಡವರು ಎಷ್ಟೋ ಜನ ಅದು ನೋವಾಗೋ ಹಾಗೆ ಇರುತ್ತೆ ಅಂತ ಹೇಳಿದಾರೆ, ತಾನಾಗೇ ನೋಡಿದ್ರೆ ನೋಡ್ಲಿ. ಕೈ ಆಡಿಸೋದು, ಕುಣಿಯೋದಕ್ಕೆ ಸ್ಟಿಮ್ಮಿಂಗ್ ಅಂತಾರೆ, ಮಗು ತನ್ನನ್ನ ತಾನು ಸಮಾಧಾನ ಮಾಡ್ಕೊಳ್ಳೋ ರೀತಿ ಅದು, ಪೆಟ್ಟು ಮಾಡ್ಕೊಳ್ತಿಲ್ಲ ಅಂದ್ರೆ ಬಿಟ್ಬಿಡಿ. ಚಿತ್ರದ ಕಾರ್ಡು, ಸನ್ನೆ ಬಳಸಿದ್ರೆ ಮಾತೇ ಬರಲ್ಲ ಅನ್ನೋ ಭಯ ಬೇಡ, ಅವು ಮಾತನ್ನ ತಡೆಯಲ್ಲ. ಹಾಗೇ ಮನೇಲಿ ಎರಡು ಭಾಷೆ ಇದ್ದಿದ್ದಕ್ಕೆ ಹಿಂಗಾಯ್ತು ಅಂತ ಮನೆ ಮಾತು ಬಿಟ್ಟು ಇಂಗ್ಲಿಷ್ ಶುರು ಮಾಡ್ಬೇಡಿ, ಎರಡು ಭಾಷೆ ಆಟಿಸಂ ತರಲ್ಲ, ಮುದ್ದು ಮಾಡೋಕೆ ನಿಮಗೆ ಯಾವ ಭಾಷೆ ತಾನಾಗೇ ಬರುತ್ತೋ ಅದರಲ್ಲೇ ಮಾತಾಡಿ. ಸ್ಕ್ರೀನ್ ಕಮ್ಮಿ ಮಾಡೋದು ಒಳ್ಳೇದೇ, ಇವತ್ತೇ ಮಾಡಿ, ಆದ್ರೆ "ಇದು ವರ್ಚುವಲ್ ಆಟಿಸಂ, ಮೂರು ತಿಂಗಳು ಮೊಬೈಲ್ ಬಂದ್ ಮಾಡಿ ನೋಡೋಣ" ಅಂತ ಟೆಸ್ಟ್ ಮುಂದೂಡ್ಬೇಡಿ, ಹಾಗೊಂದು ಡಯಾಗ್ನೋಸಿಸ್ ಯಾವ ಅಧಿಕೃತ ಪಟ್ಟಿಯಲ್ಲೂ ಇಲ್ಲ.

7. ಕಾರಣ ಹುಡುಕ್ತಾ, ಗುಣ ಮಾಡ್ತೀವಿ ಅನ್ನೋರ ಹಿಂದೆ ಓಡ್ಬೇಡಿ

ಲಸಿಕೆಯಿಂದ ಆಟಿಸಂ ಬರಲ್ಲ. ಆ ಮಾತು ಹಬ್ಬಿದ್ದು 1998 ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ, ಬರೀ 12 ಮಕ್ಕಳ ಮೇಲಿನ ಒಂದು ಲೇಖನದಿಂದ, ಅದನ್ನ ಪತ್ರಿಕೆಯೇ 2010 ರಲ್ಲಿ ವಾಪಸ್ ತಗೊಳ್ತು. ಡೆನ್ಮಾರ್ಕಲ್ಲಿ 6,57,461 ಮಕ್ಕಳನ್ನ ನೋಡಿ 2019 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ತಡೆಯೋ) ಲಸಿಕೆ ಹಾಕಿಸ್ಕೊಂಡ ಮಕ್ಕಳಲ್ಲಿ ಆಟಿಸಂ ಹೆಚ್ಚಾಗಿರ್ಲಿಲ್ಲ. ಹಾಗಾದ್ರೆ "ಲಸಿಕೆ ಹಾಕಿಸಿದ ಮೇಲೇ ಹಿಂಗಾಗಿದ್ದು" ಅಂತ ಯಾಕೆ ಅನ್ನಿಸುತ್ತೆ ಅಂದ್ರೆ ಆ ಲಸಿಕೆ ಹಾಕೋ ವಯಸ್ಸು, ಲಕ್ಷಣಗಳು ಕಣ್ಣಿಗೆ ಬೀಳೋಕೆ ಶುರು ಆಗೋ ವಯಸ್ಸು ಎರಡೂ ಒಂದೇ. ಅಮ್ಮ ಸರಿಯಾಗಿ ಪ್ರೀತಿ ಮಾಡಿಲ್ಲ ಅನ್ನೋದೂ ಸುಳ್ಳು. 1977 ರಲ್ಲಿ ಸೂಸನ್ ಫೋಲ್‌ಸ್ಟೈನ್, ಮೈಕಲ್ ರಟರ್ 21 ಜೋಡಿ ಅವಳಿಗಳನ್ನ ನೋಡಿ ವಂಶವಾಹಿಗಳ ಪಾತ್ರ ಎಷ್ಟು ದೊಡ್ಡದು ಅಂತ ತೋರಿಸಿದ್ರು, ಆಮೇಲೆ ಬಂದ ದೊಡ್ಡ ಅಧ್ಯಯನಗಳೂ ಅದನ್ನೇ ಹೇಳಿದ್ವು. ಮನೇಲಿ ಯಾರಾದ್ರೂ ನಿಮ್ಮ ಕಡೆ ಬೆರಳು ತೋರಿಸಿದ್ರೆ ಇದನ್ನ ಓದಿಸಿ.

ಗುಣ ಮಾಡ್ತೀವಿ ಅಂತ ಗ್ಯಾರಂಟಿ ಕೊಡೋರ ಹತ್ರ ಹೋಗ್ಲೇಬೇಡಿ. ದೇಹದಿಂದ ಲೋಹ ತೆಗೆಯೋದು ಅಂತ ಹೇಳೋ ಕೀಲೇಷನ್, ಆಕ್ಸಿಜನ್ ಚೇಂಬರ್, ಬ್ಲೀಚ್ ತರದ ದ್ರಾವಣ ಕುಡಿಸೋದು, ಇವುಗಳ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ. 2005 ರಲ್ಲಿ ಅಲ್ಲಿ 5 ವರ್ಷದ ಒಬ್ಬ ಹುಡುಗ ಕೀಲೇಷನ್ ಮಾಡಿಸುವಾಗ ತೀರ್ಕೊಂಡ. ಯಾವ ಥೆರಪಿ ಸೆಂಟರ್‌ಗೆ ಹೋದ್ರೂ ಒಂದು ಪ್ರಶ್ನೆ ಕೇಳಿ: ನಾನು ಒಳಗೆ ಕೂತು ನೋಡಬಹುದಾ? ಇಲ್ಲ ಅಂದ್ರೆ ಎದ್ದು ಬನ್ನಿ.

8. ಆಮೇಲೆ ಹುಟ್ಟಿದ ಪುಟ್ಟ ಪಾಪು ಇದ್ರೆ

ದೊಡ್ಡ ಮಗುಗೆ ಆಟಿಸಂ ಇದ್ದು ಆಮೇಲೆ ಹುಟ್ಟಿರೋ ತಮ್ಮನೋ ತಂಗಿನೋ ಇದ್ರೆ ಸಾಧ್ಯತೆ ಸುಮಾರು ಐದರಲ್ಲಿ ಒಂದು. 2011 ರ ಅಧ್ಯಯನದಲ್ಲಿ ಶೇಕಡಾ 18.7, 2024 ರದ್ದರಲ್ಲಿ 20.2. ಐದರಲ್ಲಿ ನಾಲ್ಕು ಮಕ್ಕಳಿಗೆ ಬರಲ್ಲ ಅಂತಾನೂ ಅದೇ ಲೆಕ್ಕ ಹೇಳುತ್ತೆ. ಭಯ ಬೀಳೋ ಬದಲು ಮಕ್ಕಳ ಡಾಕ್ಟರಿಗೆ ಮೊದಲನೇ ಭೇಟಿಯಲ್ಲೇ ಅಣ್ಣಂಗೆ ಅಥವಾ ಅಕ್ಕಂಗೆ ಆಟಿಸಂ ಇದೆ ಅಂತ ಹೇಳಿ ಫೈಲಲ್ಲಿ ಬರೆಸಿ. 6 ತಿಂಗಳಿಂದ ತಿಂಗಳಿಗೊಂದು ವಿಡಿಯೋ, ಎರಡೇ ನಿಮಿಷ, ಅದೇ ಜಾಗದಲ್ಲಿ ಅದೇ ಆಟ ಆಡ್ತಾ ತೆಗೀರಿ, ಹಾಗೆ ಮಾಡಿದ್ರೆ ಪಕ್ಕ ಪಕ್ಕ ಇಟ್ಟು ನೋಡ್ದಾಗ ಏರಿದ್ಯಾ ಇಳಿದಿದ್ಯಾ ಗೊತ್ತಾಗುತ್ತೆ. 18 ಮತ್ತು 24 ತಿಂಗಳ ಸ್ಕ್ರೀನಿಂಗ್ ತೇದಿನ ಫೋನಲ್ಲಿ ಈಗಲೇ ರಿಮೈಂಡರ್ ಹಾಕಿ, ದೊಡ್ಡ ಮಗುವಿನ ಥೆರಪಿ ಓಡಾಟದಲ್ಲಿ ಚಿಕ್ಕದರದ್ದು ಮರೆತು ಹೋಗೋದು ಬಹಳ ಸಲ ನೋಡಿದೀನಿ.